ಹಳೆಯ ಟಿ.ವಿ., ಕೆಟ್ಟ ಮೊಬೈಲ್: ಕೈ ತೊಳೆದರೆ ಹೊಣೆ ಕಳೆದೀತೇ?



ನಿಮ್ಮ ಮನೆಯ ಅಟ್ಟವನ್ನೋ ಮಂಚದ ಅಡಿಯನ್ನೋ ಒಮ್ಮೆ ನೋಡಿ. ನಿಂತುಹೋದ ಟೇಪ್ ರೆಕಾರ್ಡರ್, ದಪ್ಪ ಬೆನ್ನಿನ ಹಳೆಯ ಟಿ.ವಿ., ಸುಟ್ಟ ಮಿಕ್ಸಿ, ಎರಡು ಮೂರು ಮೊಬೈಲ್‌ಗಳು, ಯಾವುದಕ್ಕೂ ಹೊಂದದ ಚಾರ್ಜರ್‌ಗಳು, ಸಿಕ್ಕುಬಿದ್ದ ವೈರುಗಳು. ಇವುಗಳಲ್ಲಿ ಕೆಲವಾದರೂ ಸಿಗುತ್ತವೆ. ಹಬ್ಬಕ್ಕೆ ಮನೆ ಶುಚಿ ಮಾಡುವಾಗ ಹೊರತೆಗೆದು, ಗುಜರಿಯವರು ಬಂದಾಗ ಸಿಕ್ಕ ಬೆಲೆಗೆ ಕೊಟ್ಟು ಕೈ ತೊಳೆದುಕೊಳ್ಳುತ್ತೇವೆ. ಆದರೆ ಕೈ ತೊಳೆದ ಮಾತ್ರಕ್ಕೆ ಹೊಣೆ ಕಳೆಯುವುದಿಲ್ಲವೆಂಬುದು ಪಿಲಾತನ ಕಥೆ ಬಲ್ಲ ನಮಗೆ ಹೊಸ ಮಾತಲ್ಲ.

ಬಾಗಿಲು ದಾಟಿದ ಮೇಲೆ

ನಾವು ಮಾರಿದ ವಸ್ತು ಮಾಯವಾಗುವುದಿಲ್ಲ. ಕೈಯಿಂದ ಕೈಗೆ ಹೋಗುತ್ತದೆ. ದೆಹಲಿಯ ಸೀಲಂಪುರ, ಉತ್ತರ ಪ್ರದೇಶದ ಮೊರಾದಾಬಾದ್ ಇಂಥ ವಸ್ತುಗಳನ್ನು ಬಿಚ್ಚುವುದಕ್ಕೇ ಹೆಸರಾದ ಊರುಗಳು. ವೈರಿನೊಳಗಿನ ತಾಮ್ರಕ್ಕಾಗಿ ಮೇಲಿನ ಪ್ಲಾಸ್ಟಿಕ್ಕನ್ನು ಸುಡುತ್ತಾರೆ. ಆ ಹೊಗೆಯಲ್ಲಿ ಡಯಾಕ್ಸಿನ್ ಎಂಬ ಘೋರ ವಿಷವಿರುತ್ತದೆ. ಸರ್ಕ್ಯೂಟ್ ಬೋರ್ಡಿನಲ್ಲಿರುವ ಚೂರು ಚಿನ್ನಕ್ಕಾಗಿ ಅದನ್ನು ಬರಿಗೈಯಲ್ಲೇ ಆಸಿಡ್‌ನಲ್ಲಿ ಅದ್ದುವವರಿದ್ದಾರೆ. ಮಿಕ್ಕ ಆಸಿಡ್ ಚರಂಡಿ ಸೇರುತ್ತದೆ. ಹಳೆಯ ಟಿ.ವಿ.ಯ ಪಿಕ್ಚರ್ ಟ್ಯೂಬಿನ ಗಾಜಿನಲ್ಲಿ ಸೀಸವಿದೆ, ಟ್ಯೂಬ್‌ಲೈಟಿನಲ್ಲಿ ಪಾದರಸವಿದೆ. ಸೀಸವು ಎಳೆಯ ಮಕ್ಕಳ ಮಿದುಳಿನ ಬೆಳವಣಿಗೆಯನ್ನೇ ಕುಂಠಿಸುತ್ತದೆ.

ಹೊಟ್ಟೆಪಾಡಿಗಾಗಿ ದುಡಿಯುವ ಅವರನ್ನು ದೂರುವುದು ತರವಲ್ಲ. ಕೇಳಬೇಕಾದ ಪ್ರಶ್ನೆ ನಮ್ಮದು: ನನಗೆ ಬೇಡವಾದ ವಿಷವನ್ನು ಇನ್ನೊಬ್ಬರ ಮನೆಯಂಗಳಕ್ಕೆ ಕಳುಹಿಸುವ ಹಕ್ಕು ನನಗಿದೆಯೇ? 2015ರಲ್ಲಿ ಜಗದ್ಗುರು ಫ್ರಾನ್ಸಿಸ್‌ರವರು ಹೊರಡಿಸಿದ ‘ಲೌದಾತೊ ಸಿ’ ವಿಶ್ವಪತ್ರವು ಭೂಮಿಯನ್ನು ಕೆಡಿಸುವ ಕಸಗಳ ಸಾಲಿನಲ್ಲಿ ಎಲೆಕ್ಟ್ರಾನಿಕ್ ಕಸವನ್ನೂ ಹೆಸರಿಸಿದೆ. ವಿಶ್ವಸಂಸ್ಥೆಯ ವರದಿಯಂತೆ 2022ರಲ್ಲಿ ಜಗತ್ತಿನಲ್ಲಿ 6.2 ಕೋಟಿ ಟನ್ ಇಂಥ ಕಸ ಉಂಟಾಯಿತು. ಕ್ರಮಬದ್ಧವಾಗಿ ಸಂಗ್ರಹವಾಗಿ ಮರುಬಳಕೆಗೆ ಹೋದದ್ದಕ್ಕೆ ದಾಖಲೆಯಿರುವುದು ಶೇ. 22.3ಕ್ಕೆ ಮಾತ್ರ.

ಇದು ಬರೀ ಕಸವೇ?

2021ರಲ್ಲಿ ನಡೆದ ಟೋಕಿಯೋ ಒಲಿಂಪಿಕ್ಸ್‌ನ ಸುಮಾರು 5,000 ಪದಕಗಳನ್ನು ಜಪಾನಿನ ಜನ ಒಪ್ಪಿಸಿದ ಹಳೆಯ ಉಪಕರಣಗಳಿಂದಲೇ ಮಾಡಲಾಯಿತು. ಅವುಗಳಲ್ಲಿ 62 ಲಕ್ಷಕ್ಕೂ ಹೆಚ್ಚು ಮೊಬೈಲ್‌ಗಳಿದ್ದವು. ಒಟ್ಟು 32 ಕಿಲೋ ಚಿನ್ನ ದೊರೆಯಿತು. ಐದು ರೊಟ್ಟಿಗಳಿಂದ ಐದು ಸಾವಿರ ಜನರಿಗೆ ಉಣಬಡಿಸಿದ ಯೇಸುಸ್ವಾಮಿ, ಏನೂ ವ್ಯರ್ಥವಾಗದಂತೆ ಉಳಿದ ತುಂಡುಗಳನ್ನು ಕೂಡಿಸಲು ಶಿಷ್ಯರಿಗೆ ಹೇಳಿದರು. ಬೇಕಾದಷ್ಟು ಕೊಡಬಲ್ಲವರೇ ಉಳಿದದ್ದನ್ನು ಪೋಲು ಮಾಡಲಿಲ್ಲ.

ಕುಟುಂಬವಾಗಿ ಏನು ಮಾಡಬಹುದು?

1. ಮೊದಲು ರಿಪೇರಿ ಮಾಡಿಸಿ ನೋಡಿ. ಬೇರೆಯವರಿಗೆ ಕೊಡುವುದಾದರೆ ಕೆಲಸ ಮಾಡುವ ವಸ್ತುವನ್ನೇ ಕೊಡಿ. ಕೆಟ್ಟದ್ದನ್ನು ಬಡವರಿಗೆ ದಾಟಿಸುವುದು ದಾನವಲ್ಲ.

2. ಕೆಟ್ಟದ್ದನ್ನು ಒಡೆಯಬೇಡಿ, ಸುಡಬೇಡಿ, ಅಡುಗೆಮನೆಯ ಕಸದೊಂದಿಗೆ ಬೆರೆಸಬೇಡಿ. ಇದಕ್ಕೆಂದೇ ಒಂದು ರಟ್ಟಿನ ಪೆಟ್ಟಿಗೆಯಿಡಿ.

3. ಬ್ಯಾಟರಿಗಳನ್ನು ತುದಿಗೆ ಟೇಪ್ ಅಂಟಿಸಿ ಬೇರೆಯಾಗಿಡಿ. ಉಬ್ಬಿದ ಮೊಬೈಲ್ ಬ್ಯಾಟರಿಯನ್ನು ಚುಚ್ಚಲೂ ಬಾರದು, ಒತ್ತಲೂ ಬಾರದು, ಬೆಂಕಿ ಹತ್ತೀತು.

4. ಮೊಬೈಲ್, ಕಂಪ್ಯೂಟರ್ ಕೊಡುವ ಮುನ್ನ ಅದರಲ್ಲಿರುವ ಫೋಟೋ, ಬ್ಯಾಂಕ್ ವಿವರಗಳನ್ನು ಅಳಿಸಿ. ಸಿಮ್ ಮತ್ತು ಮೆಮೊರಿ ಕಾರ್ಡ್ ತೆಗೆಯಲು ಮರೆಯಬೇಡಿ.

5. ನೋಂದಾಯಿತ ಮರುಬಳಕೆದಾರರಿಗೇ ಒಪ್ಪಿಸಿ, ರಸೀದಿ ಕೇಳಿ. 2023ರ ಏಪ್ರಿಲ್ 1ರಿಂದ ಜಾರಿಯಲ್ಲಿರುವ ಇ-ತ್ಯಾಜ್ಯ ನಿಯಮಗಳು ಮರುಬಳಕೆಯ ಹೊಣೆಯನ್ನು ತಯಾರಕರ ಮೇಲೆ ಹೊರಿಸಿವೆ. ಆದ್ದರಿಂದ ಕಂಪನಿಯ ಸೇವಾ ಕೇಂದ್ರದಲ್ಲಿ ವಿಚಾರಿಸಿ. ಇಲ್ಲವೇ ಕರ್ನಾಟಕ ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿಯನ್ನು ಕೇಳಿ. ಬೆಂಗಳೂರಿನ ಬಳಿಯ ದಾಬಸ್‌ಪೇಟೆಯಲ್ಲಿ 2005ರಲ್ಲೇ ಇಂಥ ಒಂದು ಘಟಕ ಆರಂಭವಾಯಿತು.

ಒಂದು ಚಾರ್ಜರ್ ಹಿಡಿದುಕೊಂಡು ಯಾರೂ ಅಷ್ಟು ದೂರ ಹೋಗಲಾರರು, ನಿಜ. ಆದರೆ ಧರ್ಮಕೇಂದ್ರದ ಯುವಜನರು, ವಿನ್ಸೆಂಟ್ ದೆ ಪಾವ್ಲ್ ಸಭೆಯವರು ವರ್ಷಕ್ಕೊಮ್ಮೆ ಎಲ್ಲ ಮನೆಗಳಿಂದ ಕೂಡಿಸಿದರೆ ಒಂದು ವ್ಯಾನಿಗಾಗುವಷ್ಟು ಸಿಗುತ್ತದೆ. ಗುಜರಿಯವರು ಕೊಡುವ ನೂರು ರೂಪಾಯಿ ಆಗ ನಮಗೆ ಸಿಗದೆ ಹೋಗಬಹುದು. ಆದರೆ ಆ ನೂರು ರೂಪಾಯಿಯ ಬೆಲೆಯನ್ನು ನಾವೆಂದೂ ಕಾಣದ ಮಗುವೊಂದು ತನ್ನ ಆರೋಗ್ಯದಿಂದ ತೆರಬೇಕಾದರೆ, ಅದನ್ನು ಲಾಭವೆನ್ನಲಾದೀತೇ?

ಮನೆಯಲ್ಲಿ ಚರ್ಚಿಸಲು

• ನಮ್ಮ ಮನೆಯಲ್ಲಿ ಬಳಸದೆ ಬಿದ್ದಿರುವ ಉಪಕರಣಗಳು ಎಷ್ಟು? ಮಕ್ಕಳೇ ಪಟ್ಟಿ ಮಾಡಲಿ.

• ಹೊಸದನ್ನು ಕೊಂಡಾಗ, ಹಳೆಯದು ನಿಜಕ್ಕೂ ಕೆಟ್ಟಿತ್ತೇ? ನಮಗೆ ಸಾಕೆನಿಸಿತ್ತೇ?

• ನಮ್ಮ ಧರ್ಮಕೇಂದ್ರದಲ್ಲಿ ಇಂಥ ಸಂಗ್ರಹಕ್ಕೆ ನಾವು ಹೇಗೆ ಮುಂದಾಗಬಹುದು?