ತೆರೆಗೆ ಬಂದ ‘ಹಂಸಗೀತೆ’: ಕುಂದಗೋಳದ ಕಿವಿಯಿಂದ ಒಂದು ಓದು

ಮೆಚ್ಚಿದ ಕಾದಂಬರಿಯು ತೆರೆಗೆ ಬಂದಾಗ ಓದುಗನಲ್ಲಿ ಮೂಡುವ ಅಸಮಾಧಾನವು ಬರಿಯ ಅಭಿಮಾನವೇ, ಅಥವಾ ಅದರಲ್ಲಿ ವಿಮರ್ಶೆಯ ಅಂಶವೂ ಇದೆಯೇ ಎಂಬುದು ಈ ಟಿಪ್ಪಣಿಯ ಪ್ರಶ್ನೆ.

ತ.ರಾ.ಸು. ಅವರ ‘ಹಂಸಗೀತೆ’ಯು ಚಿತ್ರದುರ್ಗದ ಭೈರವಿ ವೆಂಕಟಸುಬ್ಬಯ್ಯನ ಕಥೆ. ಅರಸನ ಆಜ್ಞೆಗೆ ಹಾಡಲೊಲ್ಲದೆ ಆತ ನಾಲಿಗೆಯನ್ನೇ ಕತ್ತರಿಸಿಕೊಳ್ಳುತ್ತಾನೆ. ಇದನ್ನು ಆಧರಿಸಿದ ಹಿಂದಿಯ ‘ಬಸಂತ್ ಬಹಾರ್’ (1956) ಕಥೆಯನ್ನು ಉತ್ತರದ ಆಸ್ಥಾನಕ್ಕೆ ಒಯ್ದು ಪ್ರಣಯಕ್ಕೆ ಹೆಚ್ಚಿನ ಅವಕಾಶವಿತ್ತಿತು. ಅಲ್ಲಿನ ಸ್ಪರ್ಧೆಯ ಗೀತೆಯಲ್ಲಿ ಗೆಲ್ಲುವ ನಾಯಕನಿಗೆ ಮನ್ನಾ ಡೇ, ಸೋಲುವ ಎದುರಾಳಿಗೆ ಭೀಮಸೇನ ಜೋಶಿ ಕಂಠ ನೀಡಿದರು. ಜೋಶಿಯವರಾದರೋ ಕುಂದಗೋಳದಲ್ಲಿ ಸವಾಯಿ ಗಂಧರ್ವರ ಬಳಿ ಕಲಿತವರು. ಈ ಭಾಗದ ರಸಿಕನ ಕಿವಿಯು ಆ ಸೋಲನ್ನು ಒಪ್ಪುವುದು ಕಷ್ಟ.

ಇದನ್ನು ಊರಭಿಮಾನವೆಂದು ತಳ್ಳಿಹಾಕಬಹುದು. ಆದರೆ ಆ ದೃಶ್ಯದಲ್ಲಿ ಕಲೆಯ ಹಿರಿಮೆಯನ್ನು ನಿರ್ಣಯಿಸುವುದು ಆಸ್ಥಾನ. ಕಾದಂಬರಿಯು ನಿರಾಕರಿಸುವುದೂ ಆಸ್ಥಾನದ ಆ ಅಧಿಕಾರವನ್ನೇ. ತೀರ್ಪನ್ನು ಒಪ್ಪದ ಕೇಳುಗನು ತನಗರಿವಿಲ್ಲದೆಯೇ ಕಾದಂಬರಿಯ ಪಕ್ಷ ವಹಿಸಿರುತ್ತಾನೆ.

ಜಿ.ವಿ. ಅಯ್ಯರ್ ಅವರ ಕನ್ನಡ ‘ಹಂಸಗೀತೆ’ (1975) ಕಥೆಯನ್ನು ದುರ್ಗಕ್ಕೆ ಮರಳಿಸಿತು. ಅದರ ಗಾಯನಕ್ಕಾಗಿ ಬಾಲಮುರಳಿಕೃಷ್ಣ ಅವರಿಗೆ ರಾಷ್ಟ್ರಪ್ರಶಸ್ತಿ ಸಂದಿತು. ಓದುವಾಗ ಊಹಿಸಬೇಕಿದ್ದ ನಾದವು ಇಲ್ಲಿ ಕೇಳಿಸುವುದರಿಂದ, ಕೊನೆಯ ಮೌನದ ಬೆಲೆಯೂ ತಿಳಿಯುತ್ತದೆ.

ಆದ್ದರಿಂದ ಸ್ಥಳ, ಪಾತ್ರಗಳ ಬದಲಾವಣೆಗಿಂತ ಕೃತಿಯ ಮೌಲ್ಯದ ಬದಲಾವಣೆಯೇ ರೂಪಾಂತರದ ಪರೀಕ್ಷೆಯಾಗಬೇಕು. ಅಭಿಮಾನಿಯ ಮುನಿಸು ಅದನ್ನು ಗುರುತಿಸಿದಾಗ ವಿಮರ್ಶೆಯೆನಿಸುತ್ತದೆ.