ಗುಟ್ಟು ಕಾಯುವುದು ಮೋಸವಲ್ಲ

ಪ್ರಶ್ನೆ: ನಾನು ಬಿ.ಎಸ್ಸಿ. ಓದುತ್ತಿದ್ದೇನೆ. ಸಂಜೆ ಹೊತ್ತು ತಜ್ಞ ವೈದ್ಯರೊಬ್ಬರ ಕ್ಲಿನಿಕ್‌ನಲ್ಲಿ ಕೆಲಸ. ಡಾಕ್ಟರು ರೋಗಿಯನ್ನು ನೋಡುವಾಗ ಪಕ್ಕದಲ್ಲಿ ಕೂತು ತೊಂದರೆ, ತಪಾಸಣೆ, ಔಷಧ ಎಲ್ಲವನ್ನೂ ಕಂಪ್ಯೂಟರಿನಲ್ಲಿ ಬರೆದಿಡುತ್ತೇನೆ. ಅಲ್ಲಿ ಚಿಕಿತ್ಸೆ ಪಡೆಯುತ್ತಿರುವ ಹುಡುಗನಿಗೇ ಈಗ ನನ್ನ ಚಿಗವ್ವನ ಮಗಳನ್ನು ಕೇಳುತ್ತಿದ್ದಾರೆ. ‘ನೀ ಅಲ್ಲೇ ಇರ್ತಿ, ಅವಂಗ ಏನರ ಐತೇನ ಹೇಳು’ ಎಂದು ಚಿಗವ್ವ ದಿನಾ ಕೇಳುತ್ತಾಳೆ. ಹೇಳಿದರೆ ತಪ್ಪು, ಹೇಳದಿದ್ದರೆ ತಂಗಿಗೆ ಮೋಸ. ನಿದ್ದೆಯೇ ಬರುತ್ತಿಲ್ಲ. ಕೆಲಸ ಬಿಡಲೇ?

ಉತ್ತರ: ನಿಮ್ಮ ಸಂಕಟ ಅರ್ಥವಾಗುತ್ತದೆ. ತಂಗಿಯ ಮೇಲೆ ಪ್ರೀತಿಯಿದೆ, ನಂಬಿ ಬಂದ ರೋಗಿಯ ಮೇಲೆ ಗೌರವವೂ ಇದೆ. ಎರಡೂ ಇರುವುದರಿಂದಲೇ ನಿದ್ದೆ ಕೆಟ್ಟಿದೆ. ನಿಮ್ಮ ಊರು, ಕಾಯಿಲೆಯ ಹೆಸರು ಎರಡನ್ನೂ ಇಲ್ಲಿ ಬಿಟ್ಟಿದ್ದೇನೆ. ರೋಣ, ನರಗುಂದ, ಗಜೇಂದ್ರಗಡದಂಥ ಊರುಗಳಲ್ಲಿ ಬೀಗತನದ ಸಂಬಂಧಗಳು ದಟ್ಟವಾಗಿವೆ. ಅರ್ಧ ಮಾತು ಸಿಕ್ಕರೂ ಜನ ಉಳಿದರ್ಧ ಊಹಿಸುತ್ತಾರೆ.

ತಂಗಿಗೆ ನೀವೇ ತಿಳಿಸಬೇಕು ಎಂಬ ಹೊರೆಯನ್ನು ಮೊದಲು ಇಳಿಸಿ. ಚಿಕಿತ್ಸೆಯ ವೇಳೆ ತಿಳಿದ ಗುಟ್ಟನ್ನು ವೈದ್ಯರು ಹೊರಗೆಡಹಬಾರದು ಎನ್ನುತ್ತವೆ ಭಾರತೀಯ ವೈದ್ಯಕೀಯ ಮಂಡಳಿಯ 2002ರ ನಿಯಮಗಳು. ನ್ಯಾಯಾಲಯದ ಆದೇಶ, ನಿರ್ದಿಷ್ಟ ವ್ಯಕ್ತಿಗೆ ಗಂಭೀರ ಅಪಾಯ, ಸರಕಾರಕ್ಕೆ ತಿಳಿಸಲೇಬೇಕಾದ ರೋಗ ಇಂಥವಕ್ಕಷ್ಟೇ ವಿನಾಯಿತಿ. ಅದನ್ನು ತೂಗಿ ನೋಡಬೇಕಾದವರು ವೈದ್ಯರು. ಬರೆದುಕೊಳ್ಳುವವರಿಗೆ ಉಳಿಯುವುದು ಗುಟ್ಟು ಕಾಯುವ ಕೆಲಸ. ನಾಲ್ಕು ಸಾಲು ಬರೆದ ಮಾತ್ರಕ್ಕೆ ಆ ಹುಡುಗನ ಕಾಯಿಲೆ ಎಷ್ಟರದು, ವಾಸಿಯಾಗುವುದೋ ಇಲ್ಲವೋ ಎಂಬುದೂ ನಿಮಗೆ ತಿಳಿದಂತಲ್ಲ.

ಈ ವಾರವೇ ಡಾಕ್ಟರರ ಬಳಿ ಒಂಟಿಯಾಗಿ ಮಾತಾಡಿ. ‘ಈ ರೋಗಿಯ ಮನೆಯವರಿಗೂ ನಮಗೂ ಸಂಬಂಧದ ಮಾತು ನಡೆದಿದೆ’ ಎಂದಷ್ಟೇ ತಿಳಿಸಿ. ಮದುವೆಗೆ ಮೊದಲು ಹೆಣ್ಣಿನ ಕಡೆಯವರಿಗೆ ಹೇಳುವಂತೆ ಹುಡುಗನಿಗೆ ತಿಳಿಹೇಳಬೇಕೋ ಬೇಡವೋ, ಅದನ್ನು ಅವರು ನೋಡಿಕೊಳ್ಳುತ್ತಾರೆ. ಪರಿಚಿತರು ಬಂದಾಗ ಹೊರಗೆ ಕೂರಲು ಅನುಮತಿಯನ್ನೂ ಕೇಳಿ.

ಮನೆಯಲ್ಲಿ ಒಂದೇ ಉತ್ತರವಿರಲಿ: ‘ಯಾರು ಬರ್ತಾರ, ಯಾರು ಬರೂದಿಲ್ಲ, ಏನೂ ಹೇಳಂಗಿಲ್ಲ ಚಿಗವ್ವ.’ ಕ್ಲಿನಿಕ್ಕಿಗೆ ಕಾಲೇ ಇಡದವರ ಬಗ್ಗೆ ಕೇಳಿದರೂ ಇದೇ ಉತ್ತರ ಕೊಡಿ. ಒಬ್ಬರ ಬಗ್ಗೆ ‘ಏನೂ ಇಲ್ಲ’ ಎಂದು, ಇನ್ನೊಬ್ಬರ ಬಗ್ಗೆ ಸುಮ್ಮನಾದರೆ ಆ ಮೌನವೇ ಗುಟ್ಟು ಹೇಳಿಬಿಡುತ್ತದೆ.

ಮನಸ್ಸು ಹಗುರಾಗದಿದ್ದರೆ ಟೆಲಿ ಮಾನಸ್‌ನ 14416ಕ್ಕೆ ಕರೆ ಮಾಡಿ. ಹಗಲು ರಾತ್ರಿ ಉಚಿತ, ಕನ್ನಡದಲ್ಲೇ ಮಾತಾಡಬಹುದು. ಅಲ್ಲಿಯೂ ರೋಗಿಯ ಹೆಸರು ಬೇಡ, ನಿಮ್ಮ ತಳಮಳ ಹೇಳಿದರೆ ಸಾಕು.

ಅವಸರದಲ್ಲಿ ಕೆಲಸ ಬಿಡಬೇಡಿ. ಬಿಟ್ಟ ಮೇಲೂ ಗುಟ್ಟು ಕಾಯುವ ಹೊಣೆ ಇದ್ದೇ ಇರುತ್ತದೆ.

ಇದನ್ನು ಓದುತ್ತಿರುವ ಹಿರಿಯರಲ್ಲಿ ಒಂದು ವಿನಂತಿ. ಆರೋಗ್ಯದ ವಿಷಯವನ್ನು ಎರಡೂ ಮನೆಯವರು ಎದುರುಬದುರು ಕೂತು ಕೇಳಿ, ಹೇಳಿ. ದವಾಖಾನೆಯಲ್ಲಿ ದುಡಿಯುವ ಮಕ್ಕಳನ್ನು ಕೇಳಬೇಡಿ. ಇಂದು ಅವರು ಬೇರೆಯವರ ಗುಟ್ಟು ಕಾಯ್ದರೆ, ನಾಳೆ ನಿಮ್ಮ ಮನೆಯವರೂ ಅಂಜದೆ ಡಾಕ್ಟರರ ಬಳಿ ಹೋಗಬಲ್ಲರು.