ಹಲ್ಲಿನ ಮೇಲಿನ ಕಂದು ಗೆರೆ ಕೊಳೆಯಲ್ಲ

ನಾಲ್ಕನೇ ತರಗತಿಯಲ್ಲಿದ್ದಾಗ ಒಂದು ದಿನ ನಮ್ಮನ್ನೆಲ್ಲ ಸಾಲಾಗಿ ನಿಲ್ಲಿಸಿ ಉಗುರು, ಹಲ್ಲು ನೋಡಿದರು. ನನ್ನ ಮುಂದಿನ ಎರಡು ಹಲ್ಲುಗಳ ಮೇಲೆ ಕಂದು ಗೆರೆಗಳಿವೆ. "ಹಲ್ಲು ತಿಕ್ಕದೇ ಸಾಲಿಗೆ ಬರ್ತೀಯೇನು?" ಎಂದು ಎಲ್ಲರ ಮುಂದೆ ಕೇಳಿದರು. ನಾನು ದಿನಾ ತಿಕ್ಕುತ್ತಿದ್ದೆ. ಅವತ್ತು ಮನೆಗೆ ಹೋದವಳೇ ಒಲೆಯ ಬೂದಿಗೆ ಉಪ್ಪು ಬೆರೆಸಿ ಒಸಡಿನಿಂದ ರಕ್ತ ಬರುವವರೆಗೆ ತಿಕ್ಕಿದೆ. ಗೆರೆ ಹೋಗಲಿಲ್ಲ. ಆಮೇಲೆ ಫೋಟೋ ತೆಗೆಯುವಾಗ ಬಾಯಿ ಮುಚ್ಚಿಕೊಂಡು ನಗುವುದನ್ನು ಕಲಿತೆ.

ಈ ವರ್ಷ ಕಾಲೇಜಿನಲ್ಲಿ ದಂತ ತಪಾಸಣೆ ನಡೆದಾಗಲೂ ನಾನು ಸಾಲಿನ ಕೊನೆಗೆ ನಿಂತಿದ್ದೆ. ವೈದ್ಯರು ಬಾಯಿ ನೋಡಿ, "ಸಣ್ಣಾಕಿದ್ದಾಗ ಬೋರ್‌ವೆಲ್ ನೀರು ಕುಡೀತಿದ್ರೇನವ್ವಾ? ಇದು ಕೊಳೆ ಅಲ್ಲ, ಫ್ಲೋರೋಸಿಸ್. ಇದರಾಗ ನಿನ್ನ ತಪ್ಪೇನೂ ಇಲ್ಲ" ಎಂದರು. ನನ್ನ ಹಿಂದೆ ಮುಂದೆ ನಿಂತವರಲ್ಲಿ ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ಕಡೆಯ ಹಳ್ಳಿಯವರಿದ್ದರು. ಅವರಲ್ಲಿ ಕೆಲವರಿಗೂ ಇದೇ ಮಾತು ಹೇಳಿದರು. ಹಾಗಾಗಿ ಈ ಲೇಖನ. ವಾಣಿಜ್ಯ ವಿಭಾಗದವಳಿಗೆ ಹಲ್ಲಿನ ಉಸಾಬರಿ ಯಾಕೆ ಎಂದು ವಿಜ್ಞಾನ ವಿಭಾಗದವರು ನಗಬಹುದು. ನಗಲಿ, ಆದರೆ ಓದಿ ನಗಲಿ.

ಹಲ್ಲಿನ ಹೊರಗಿನ ಬಿಳಿ ಪದರಕ್ಕೆ ಎನಾಮೆಲ್ ಎನ್ನುತ್ತಾರೆ. ನಮ್ಮ ದೇಹದಲ್ಲಿ ಅದಕ್ಕಿಂತ ಗಟ್ಟಿ ವಸ್ತು ಬೇರೆ ಇಲ್ಲ. ಅದರ ತೂಕದಲ್ಲಿ ಶೇಕಡಾ 95ಕ್ಕಿಂತ ಹೆಚ್ಚು ಖನಿಜವೇ. ಆದರೆ ಅದನ್ನು ಕಟ್ಟುವ ಜೀವಕೋಶಗಳು ಹಲ್ಲು ಹೊರಬರುವ ಹೊತ್ತಿಗೆ ಸತ್ತು ಹೋಗಿರುತ್ತವೆ. ಲೆಕ್ಕಶಾಸ್ತ್ರದಲ್ಲಿ ಯಂತ್ರ ಸವೆದರೆ ಸವಕಳಿ ಬರೆದು ಹೊಸದು ಕೊಳ್ಳುತ್ತೇವೆ. ಎನಾಮೆಲ್ ವಿಷಯದಲ್ಲಿ ಸವಕಳಿ ಮಾತ್ರ ಇದೆ, ಹೊಸ ಖರೀದಿ ಇಲ್ಲ.

ಶಾಶ್ವತ ಹಲ್ಲು ಕಾಣಿಸಿಕೊಳ್ಳುವುದು ಆರನೇ ವರ್ಷದ ಸುಮಾರಿಗೆ. ಆದರೆ ಅದರ ಎನಾಮೆಲ್ ತಯಾರಾಗುವುದು ಅದಕ್ಕೂ ಮೊದಲು, ದವಡೆಯ ಒಳಗೆ. ಮುಂದಿನ ಹಲ್ಲುಗಳದ್ದು ಹುಟ್ಟಿದ ವರ್ಷದಿಂದ ನಾಲ್ಕೈದು ವರ್ಷದೊಳಗೆ, ಹಿಂದಿನವುಗಳದ್ದು ಹೆಚ್ಚುಕಡಿಮೆ ಎಂಟರವರೆಗೆ. ಆ ಸಮಯದಲ್ಲಿ ಮಗು ಕುಡಿಯುವ ನೀರಿನಲ್ಲಿ ಫ್ಲೋರೈಡ್ ಮಿತಿಮೀರಿದ್ದರೆ ಎನಾಮೆಲ್ ಸರಿಯಾಗಿ ಗಟ್ಟಿಯಾಗುವುದಿಲ್ಲ. ಸ್ವಲ್ಪ ಹೆಚ್ಚಿದ್ದರೆ ಸುಣ್ಣ ಹಚ್ಚಿದಂಥ ಬಿಳಿ ಮಚ್ಚೆ, ಇನ್ನೂ ಹೆಚ್ಚಿದ್ದರೆ ಕಂದು ಗೆರೆ, ತೀರ ಹೆಚ್ಚಾದರೆ ಹಲ್ಲಿನ ಮೇಲೆ ಸಣ್ಣ ಸಣ್ಣ ಕುಳಿ. ಬಣ್ಣ ಹಲ್ಲಿನ ಒಳಗೇ ಸೇರಿರುವುದರಿಂದ ಬೂದಿ, ಇಟ್ಟಿಗೆ ಪುಡಿ, ಇದ್ದಿಲು ಯಾವುದರಿಂದ ತಿಕ್ಕಿದರೂ ಅದು ಹೋಗುವುದಿಲ್ಲ, ಇದ್ದ ಎನಾಮೆಲ್ ಸವೆಯುತ್ತದೆ ಅಷ್ಟೇ. ನಾನು ಎಷ್ಟು ಸವೆಸಿದ್ದೇನೋ! ಬೇಕೆಂದವರಿಗೆ ದಂತ ವೈದ್ಯರು ಮೇಲ್ಪದರವನ್ನು ತೆಳುವಾಗಿ ಉಜ್ಜಿ ಅಥವಾ ಹಲ್ಲಿನ ಬಣ್ಣದ ಲೇಪನ ಹಾಕಿ ಕಲೆ ಮರೆಮಾಡಬಲ್ಲರು.

ಇದು ನಮ್ಮೊಬ್ಬರ ಕಥೆಯಲ್ಲ. 1901ರಲ್ಲಿ ಅಮೆರಿಕದ ಕೊಲೊರಾಡೊ ಸ್ಪ್ರಿಂಗ್ಸ್ ಎಂಬ ಊರಿಗೆ ಫ್ರೆಡರಿಕ್ ಮೆಕೇ ಎಂಬ ಹೊಸ ದಂತ ವೈದ್ಯ ಬಂದಾಗ ಅಲ್ಲಿನ ಎಷ್ಟೋ ಜನರ ಹಲ್ಲು ಕಂದಾಗಿದ್ದವು. ಕಾರಣ ಯಾರಿಗೂ ಗೊತ್ತಿರಲಿಲ್ಲ. ನೀರಿನಲ್ಲೇ ಏನೋ ಇದೆ ಎಂದು ಆತನಿಗೆ ಅನುಮಾನ. ಅದು ಫ್ಲೋರೈಡ್ ಎಂದು ಒಂದು ಅಲ್ಯೂಮಿನಿಯಂ ಕಂಪನಿಯ ರಸಾಯನತಜ್ಞ ಚರ್ಚಿಲ್ ಪತ್ತೆ ಮಾಡಿದ್ದು 1931ರಲ್ಲಿ. ಮೂವತ್ತು ವರ್ಷ ಬೇಕಾಯಿತು! ನಮ್ಮ ದೇಶದಲ್ಲಿ 1937ರಲ್ಲಿ ಆಂಧ್ರದ ನೆಲ್ಲೂರು ಭಾಗದಿಂದ ಮೊದಲ ವರದಿ ಬಂತು. ಅಲ್ಲಿ ಹಲ್ಲಷ್ಟೇ ಅಲ್ಲ, ಎಲುಬು ಕೀಲುಗಳೂ ಬಿಗಿದವರಿದ್ದರು. ಹೆಚ್ಚು ಫ್ಲೋರೈಡ್ ನೀರನ್ನು ವರ್ಷಗಟ್ಟಲೆ ಕುಡಿದರೆ ಹಾಗಾಗುತ್ತದೆ.

ಫ್ಲೋರೈಡ್ ಬರುವುದು ನೆಲದೊಳಗಿನ ಕಲ್ಲಿನಿಂದ. ನೀರು ಬಂಡೆಯ ಸಂದಿಯಲ್ಲಿ ಬಹಳ ಕಾಲ ನಿಂತಷ್ಟೂ ಅದು ಹೆಚ್ಚು ಕರಗುತ್ತದೆ. ನಮ್ಮ ಜಿಲ್ಲೆಯ ಈ ನಾಲ್ಕೂ ತಾಲ್ಲೂಕುಗಳ ಕೆಲವು ಊರುಗಳಲ್ಲಿ ಅಂತರ್ಜಲದ ಫ್ಲೋರೈಡ್ ಮಿತಿ ದಾಟಿದೆ. ಎಲ್ಲ ಊರಲ್ಲಿ ಅಲ್ಲ. ಒಂದೇ ಊರಿನ ಎರಡು ಬೋರ್‌ವೆಲ್‌ಗಳ ನೀರೇ ಬೇರೆ ಬೇರೆ ಇರಬಹುದು. ಲೀಟರಿಗೆ 1 ಮಿಲಿಗ್ರಾಂವರೆಗೆ ಇರಬಹುದು, ಬೇರೆ ನೀರೇ ಸಿಗದಿದ್ದರೆ 1.5ರವರೆಗೆ ಎಂಬುದು ಭಾರತೀಯ ಮಾನಕ ಬ್ಯೂರೋದ ಮಿತಿ.

ನಮ್ಮ ದಾದಿಯ ಹಲ್ಲು ಈಗಲೂ ಬೆಳ್ಳಗಿವೆ. "ನಾನು ಮಿಸ್ವಾಕ್ ಮಾಡಿದೆ, ನೀವು ಪೇಸ್ಟ್ ತಿಂದಿರಿ" ಎಂದು ಹಂಗಿಸುತ್ತಾರೆ. ಮಿಸ್ವಾಕ್ ಒಳ್ಳೆಯದೇ. ಆದರೆ ದಾದಿ ಸಣ್ಣವರಿದ್ದಾಗ ಊರಲ್ಲಿ ಬೋರ್‌ವೆಲ್ ಇರಲಿಲ್ಲ, ಕುಡಿದಿದ್ದು ಹಳ್ಳದ ಪಕ್ಕದ ಬಾವಿ ನೀರು. ನಮ್ಮ ಅಬ್ಬಾನ ಕಾಲಕ್ಕೆ ಬೋರ್ ಬಂತು, ಅಬ್ಬಾನ ಹಲ್ಲಿಗೂ ಗೆರೆ ಬಂತು. ನನ್ನ ಲೆಕ್ಕದಲ್ಲಿ ದಾದಿಯ ಹಲ್ಲಿಗೆ ಬಾವಿಯ ಪಾಲೂ ಇದೆ. ದಾದಿ ಒಪ್ಪಿಲ್ಲ.

ಹುಳುಕು ಹಲ್ಲು ಬೇರೆಯೇ ರೋಗ. ಮನೆಯಲ್ಲಿ ಉರ್ದುವಿನಲ್ಲಿ ಹಲ್ಲಿಗೆ 'ಕೀಡಾ' ಹತ್ತುತ್ತದೆ, ಓಣಿಯಲ್ಲಿ ಕನ್ನಡದಲ್ಲಿ 'ಹುಳ' ಹತ್ತುತ್ತದೆ. ಎರಡೂ ಭಾಷೆಯ ಆ ಹುಳವನ್ನು ಯಾವ ವೈದ್ಯರೂ ಕಂಡಿಲ್ಲ. ಬಾಯಿಯ ಬ್ಯಾಕ್ಟೀರಿಯಾ ಸಕ್ಕರೆ ತಿಂದು ಆಮ್ಲ ಬಿಡುತ್ತವೆ, ಆಮ್ಲ ಎನಾಮೆಲ್ ಕರಗಿಸುತ್ತದೆ. ಒಮ್ಮೆ ಸಿಹಿ ತಿಂದರೆ ಸುಮಾರು ಅರ್ಧ ಗಂಟೆ ಈ ಕೆಲಸ ನಡೆಯುತ್ತದೆ, ಆಮೇಲೆ ಜೊಲ್ಲು ಅದನ್ನು ಸರಿಪಡಿಸಲು ಹೆಣಗುತ್ತದೆ. ಆದ್ದರಿಂದ ಎಷ್ಟು ಸಿಹಿ ಎಂಬುದಕ್ಕಿಂತ ದಿನಕ್ಕೆ ಎಷ್ಟು ಸಲ ಎಂಬುದು ದೊಡ್ಡ ಪ್ರಶ್ನೆ. ಊಟದ ಜೊತೆ ಒಮ್ಮೆ ಶೀರ್ ಖುರ್ಮಾ ಕುಡಿದವರಿಗಿಂತ ದಿನಕ್ಕೆ ಆರು ಸಲ ಸಕ್ಕರೆ ಚಹಾ ಕುಡಿಯುವವರಿಗೆ ಅಪಾಯ ಜಾಸ್ತಿ. ರಾತ್ರಿ ಜೊಲ್ಲು ಕಡಿಮೆ, ಹಾಗಾಗಿ ಮಲಗುವ ಮುಂಚೆ ಹಲ್ಲುಜ್ಜಲೇಬೇಕು. ರಂಜಾನಿನಲ್ಲಿ ಸಹರಿ ಮಾಡಿ ಹಾಗೇ ಮಲಗುವವರಲ್ಲಿ ನಾನೂ ಒಬ್ಬಳಿದ್ದೆ.

ಇಲ್ಲಿ ಒಂದು ಗೊಂದಲ ಹುಟ್ಟುತ್ತದೆ. ಹುಳುಕು ತಡೆಯಲು ಪೇಸ್ಟಿನಲ್ಲಿ ಫ್ಲೋರೈಡ್ ಹಾಕುತ್ತಾರೆ, ಹಾಗಾದರೆ ಅದೇ ವಿಷವಲ್ಲವೇ? ಅಲ್ಲ. ಹಲ್ಲಿನ ಮೇಲೆ ಹಚ್ಚಿ ಉಗುಳುವ ಫ್ಲೋರೈಡ್ ಎನಾಮೆಲ್ ಗಟ್ಟಿ ಮಾಡುತ್ತದೆ. ತೊಂದರೆ ಇರುವುದು ಹಲ್ಲು ತಯಾರಾಗುವ ವಯಸ್ಸಿನಲ್ಲಿ ಹೊಟ್ಟೆಗೆ ಹೋಗುವ ಹೆಚ್ಚಿನ ಫ್ಲೋರೈಡ್‌ನಿಂದ. ನಮ್ಮ ವಯಸ್ಸಿನವರಿಗೆ ಹೊಸದಾಗಿ ಗೆರೆ ಮೂಡುವುದಿಲ್ಲ, ಪೇಸ್ಟ್ ಧೈರ್ಯವಾಗಿ ಬಳಸಬಹುದು. ಮೂರು ವರ್ಷದೊಳಗಿನ ಮಗುವಿಗೆ ಅಕ್ಕಿಕಾಳಿನಷ್ಟು, ಆರರವರೆಗೆ ಬಟಾಣಿಯಷ್ಟು ಸಾಕು, ನುಂಗಲು ಬಿಡಬಾರದು. ನೀರಲ್ಲೇ ಫ್ಲೋರೈಡ್ ಹೆಚ್ಚಿರುವ ಊರಲ್ಲಿ ಸಣ್ಣ ಮಕ್ಕಳಿಗೆ ಯಾವ ಪೇಸ್ಟ್ ಎಂದು ದಂತ ವೈದ್ಯರನ್ನು ಕೇಳುವುದು ಒಳ್ಳೆಯದು.

ಒಸಡಿನಲ್ಲಿ ರಕ್ತ ಬಂದರೆ ಉಜ್ಜುವುದನ್ನು ಬಿಡುತ್ತೇವೆ. ಅದು ಉಲ್ಟಾ. ಒಸಡಿನ ಅಂಚಿನ ಕೊಳೆಯಿಂದಲೇ ಬಾವು ಬಂದಿರುತ್ತದೆ, ಮೆತ್ತನೆ ಬ್ರಷ್‌ನಿಂದ ಅಲ್ಲೇ ಉಜ್ಜಬೇಕು. ಎರಡು ವಾರವಾದರೂ ನಿಲ್ಲದಿದ್ದರೆ ತೋರಿಸಬೇಕು. ಇನ್ನು ಗುಟ್ಕಾ, ಅಡಿಕೆ, ಮಿಶ್ರಿ. ಬೈದು ಬರೆಯುವುದಿಲ್ಲ, ಒಂದು ಪರೀಕ್ಷೆ ಹೇಳುತ್ತೇನೆ: ನಿಮ್ಮ ಮೂರು ಬೆರಳನ್ನು ಒಂದರ ಮೇಲೊಂದು ನಿಲ್ಲಿಸಿ ಬಾಯೊಳಗೆ ಹಾಕಿ. ಹೋಗದಿದ್ದರೆ, ಅಥವಾ ಖಾರ ತಿಂದಾಗ ಬಾಯಿ ಉರಿದರೆ, ಅಥವಾ ಎರಡು ವಾರ ಕಳೆದರೂ ಹುಣ್ಣು ಮಾಯದಿದ್ದರೆ ತಡಮಾಡದೆ ವೈದ್ಯರ ಬಳಿ ಹೋಗಿ. ವಿಜಯಪುರದಲ್ಲಿ ದಂತ ಮಹಾವಿದ್ಯಾಲಯವೇ ಇದೆ.

ಮತ್ತೆ ನೀರಿಗೆ ಬರುತ್ತೇನೆ, ಯಾಕೆಂದರೆ ನನ್ನ ತಮ್ಮನಿಗೆ ಈಗ ಮೂರು ವರ್ಷ. ಅವನ ಮುಂದಿನ ಶಾಶ್ವತ ಹಲ್ಲುಗಳು ಈಗ ದವಡೆಯೊಳಗೆ ತಯಾರಾಗುತ್ತಿವೆ. ನೀರು ಕುದಿಸಿದರೆ ಆಯಿತು ಎಂದು ಅಮ್ಮಿ ಅಂದುಕೊಂಡಿದ್ದರು. ಕುದಿಸಿದರೆ ಕ್ರಿಮಿ ಸಾಯುತ್ತವೆ, ಫ್ಲೋರೈಡ್ ಹೋಗುವುದಿಲ್ಲ. ನೀರು ಆವಿಯಾದಷ್ಟು ಉಳಿದ ನೀರಲ್ಲಿ ಅದರ ಪ್ರಮಾಣ ಏರುತ್ತದೆ. ಬಟ್ಟೆಯಲ್ಲಿ ಸೋಸಿದರೂ ಹೋಗುವುದಿಲ್ಲ. ಫಟಕರಿ ಮತ್ತು ಸುಣ್ಣ ಬಳಸಿ ಫ್ಲೋರೈಡ್ ತೆಗೆಯುವ ನಲಗೊಂಡ ವಿಧಾನವನ್ನು ನಾಗಪುರದ ನೀರಿ ಸಂಸ್ಥೆ ರೂಪಿಸಿದೆ, ಆದರೆ ಅದಕ್ಕೆ ನೀರು ಪರೀಕ್ಷಿಸಿ ಅಳತೆ ಹಾಕಬೇಕು. ಕೊಡದಲ್ಲಿ ಫಟಕರಿ ನಾಲ್ಕು ಸುತ್ತು ತಿರುಗಿಸಿದರೆ ಆಗುವ ಕೆಲಸವಲ್ಲ. ಮನೆಗೆ ಸುಲಭವಾದದ್ದು ಶುದ್ಧ ಕುಡಿಯುವ ನೀರಿನ ಘಟಕದ ಆರ್‌ಓ ನೀರು, ನದಿಯಿಂದ ಶುದ್ಧೀಕರಿಸಿ ಬರುವ ನಲ್ಲಿ ನೀರು, ಇಲ್ಲವೇ ಶುಚಿಯಾಗಿ ಹಿಡಿದಿಟ್ಟ ಮಳೆ ನೀರು.

ಪಂಚಾಯಿತಿಯಲ್ಲಿ ನೀರು ಪರೀಕ್ಷೆಯ ಕಿಟ್ ಇತ್ತು. ಅಬ್ಬಾ ಮತ್ತು ನಾನು ನಮ್ಮ ಓಣಿಯ ಬೋರ್ ನೀರನ್ನು ಬಾಟಲಿಯಲ್ಲಿ ಒಯ್ದೆವು. ಔಷಧಿ ಹಾಕಿದಾಗ ಗುಲಾಬಿ ಬಣ್ಣ ಹಳದಿಯತ್ತ ತಿರುಗಿದಷ್ಟೂ ಫ್ಲೋರೈಡ್ ಹೆಚ್ಚು. ನಮ್ಮದು ಹಳದಿಗೇ ಬಂದು ನಿಂತಿತು.

ಈಗ ಘಟಕದಿಂದ ದಿನಕ್ಕೊಂದು ಕ್ಯಾನ್ ತರುತ್ತೇವೆ. ನಮ್ಮಲ್ಲಿ ಇಪ್ಪತ್ತು ಲೀಟರಿಗೆ ಐದು ರೂಪಾಯಿ, ತಿಂಗಳಿಗೆ ನೂರೈವತ್ತು. ಕುಡಿಯಲು, ಅಡುಗೆಗೆ, ಚಹಾಕ್ಕೆ ಅದೇ. ಸ್ನಾನ, ಪಾತ್ರೆ, ಬಟ್ಟೆಗೆ ಬೋರ್ ನೀರು. ಮೊದಲ ವಾರ ಚಹಾಕ್ಕೆ ರುಚಿಯೇ ಇಲ್ಲ ಎಂದು ದಾದಿ ತಕರಾರು ಮಾಡಿದರು. ಈಗ ತಮ್ಮ ಅಂಗನವಾಡಿಗೆ ಹೋಗುವಾಗ ಅವನ ಬಾಟಲಿಗೆ ಕ್ಯಾನ್ ನೀರು ತುಂಬಿ ಕೊಡುವುದು ದಾದಿಯೇ.